ಕೋಲ್ಡ್ ಟೀ ಹಾಡು ಕೇಳಿದವರು

ಟಾಡ್‌ಮೋರ್ಡನ್, ಯಾರ್ಕ್‌ಶೈರ್
ಅಕ್ಟೋಬರ್ 12, 2009

ಮಾನ್ಯ ಮೋರೀನ್ ಲಮ್ ಅವರಿಗೆ,

ನನ್ನ ಹೆಸರು ಟೆಸ್ಸಾ ಅಕ್ರಾಯ್ಡ್. ಹದಿನೇಳು ವರ್ಷ. ನಿಮ್ಮ ವಿಳಾಸ ಕೊಟ್ಟವರು ನಮ್ಮ ಮಾರ್ಕೆಟ್ಟಿನ ಹಳೇ ರೆಕಾರ್ಡ್ ಅಂಗಡಿಯವರು. ನಿಮ್ಮ ಚಿಕ್ಕಪ್ಪನ ಮಗನಂತೆ. ನೀವು ಫೋನ್ ಎತ್ತುವುದಿಲ್ಲ, ಕಾಗದವಾದರೆ ಮನಸ್ಸು ಬಂದಾಗ ಓದುತ್ತೀರಿ ಎಂದರು.

ಕಾಲೇಜಿನ ಮಾಧ್ಯಮ ತರಗತಿಗೆ ನಾವೊಂದು ಹಾಡಿನ ವಿಡಿಯೊ ಮಾಡಬೇಕು. ಅದಕ್ಕೂ ಮೊದಲು ಆ ಸಂಗೀತದವರ ಗುರುತೇನು, ಕೇಳುಗರು ಯಾರು ಎಂದು ಸಂಶೋಧನೆ ಮಾಡಿ ಬರೆಯಬೇಕು. ನಮ್ಮ ಮೂವರ ತಂಡ ಪಂಕ್ ರಾಕ್ ಆರಿಸಿಕೊಂಡಿದೆ. ಆ ಅಂಗಡಿಯಲ್ಲೇ ನಿಮ್ಮ ‘ಕೋಲ್ಡ್ ಟೀ’ ಬ್ಯಾಂಡಿನ ರೆಕಾರ್ಡ್ ಕೇಳಿದ್ದು. ಮೂರು ಜನ ಹುಡುಗಿಯರು, ಅದೂ ನಮ್ಮೂರಿನವರು, ಇಷ್ಟು ಜೋರಾಗಿ ಕಿರುಚಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ‘ಕೈ ತೊಳೆದು ಬಾ’ ಹಾಡಿಗೆ ವಿಡಿಯೊ ಮಾಡಲು ನಿಮ್ಮ ಒಪ್ಪಿಗೆ ಬೇಕು.

ಜೊತೆಗೆ ಕೆಲವು ಪ್ರಶ್ನೆಗಳು. ನಿಮ್ಮ ಪಾಲಿಗೆ ಪಂಕ್ ಎನ್ನುವ ಗುರುತು ಎಂದರೇನು? ನಿಮ್ಮ ಗುರಿ ಪ್ರೇಕ್ಷಕರು ಯಾವ ವಯಸ್ಸಿನವರು, ಯಾವ ವರ್ಗದವರು? ಸೇಫ್ಟಿ ಪಿನ್ನುಗಳನ್ನು ಕಿವಿಗೆ ಚುಚ್ಚಿಕೊಳ್ಳುತ್ತಿದ್ದಿರಾ, ಕೆನ್ನೆಗಾ? ಪಾಳು ಬಿದ್ದ ಗಿರಣಿಯೊಳಗೆ, ಹುಂಜದ ಜುಟ್ಟಿನಂಥ ವಿಗ್ ಹಾಕಿಕೊಂಡು, ಗೋಡೆಗೆ ಕೆಂಪು ಬಣ್ಣ ಎರಚಿ ಚಿತ್ರ ತೆಗೆಯುವ ಯೋಚನೆ ಇದೆ. ಸರಿಯಿದೆಯೇ ಹೇಳಿ.

ವಿಶ್ವಾಸವಿಟ್ಟು ಉತ್ತರಿಸುವಿರಿ ಎಂದು ನಂಬಿರುವ,
ಟೆಸ್ಸಾ ಅಕ್ರಾಯ್ಡ್

*

ವೆಸ್ಟ್ರೆ ದ್ವೀಪ, ಆರ್ಕ್ನಿ
ಅಕ್ಟೋಬರ್ 27, 2009

ಟೆಸ್ಸಾ,

ನನ್ನನ್ನು ಮೋರೀನ್ ಎನ್ನುತ್ತಿದ್ದವಳು ನನ್ನ ಅಮ್ಮ ಒಬ್ಬಳೇ, ಅದೂ ಬೈಯುವಾಗ. ಮೋ ಎಂದರೆ ಸಾಕು.

ನಿನ್ನ ಕಾಗದದಲ್ಲಿ ಗುರಿ ಪ್ರೇಕ್ಷಕರು ಎಂದಿದೆ. ಗುರಿಯಾಗುತ್ತಿದ್ದವರು ನಾವು, ಹುಡುಗಿ. ಬಿಯರ್ ಲೋಟಕ್ಕೆ, ಒಮ್ಮೆ ಅರ್ಧ ತಿಂದ ಮಾಂಸದ ಪೈಗೆ. ಪಿನ್ನು ಹಾಕುತ್ತಿದ್ದೆ, ಕಿವಿಗಲ್ಲ, ಪ್ಯಾಂಟಿಗೆ. ಜಿಪ್ಪು ಕಿತ್ತುಹೋಗಿತ್ತು. ಚರ್ಮದ ಜಾಕೆಟ್ ಕೊಳ್ಳುವ ತಾಕತ್ತು ನಮಗೆಲ್ಲಿತ್ತು? ಕಾರ್ಪೆಟ್ ಗಿರಣಿಯಲ್ಲಿ ಪಾಳಿ ಮುಗಿಸಿ, ಅದೇ ನೀಲಿ ಮೇಲಂಗಿಯಲ್ಲಿ ಬಂದು ಹಾಡುತ್ತಿದ್ದೆವು. ಕೂದಲ ತುಂಬ ಉಣ್ಣೆಯ ನಾರು. ಜನ ಅದನ್ನು ಹೊಸ ಫ್ಯಾಷನ್ ಅಂದುಕೊಂಡರು. ‘ಕೈ ತೊಳೆದು ಬಾ’ ಎನ್ನುವುದು ಗಿರಣಿಯ ಮೇಲ್ವಿಚಾರಕಿ ದಿನವೂ ಹೇಳುತ್ತಿದ್ದ ಮಾತು. ಮನೆಗೆ ಹೋದರೆ ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಸಿಟ್ಟು ಬಂದು ಹಾಡು ಮಾಡಿದೆ. ಅಷ್ಟೇ ಗುರುತು.

ಕೇಳುಗರು: ಯಾರೂ ಇಲ್ಲ. ಹಾಗೆಯೇ ಬರೆದುಕೋ.

ಹಾಡು ಬೇಕಾದರೆ ತೆಗೆದುಕೋ. ಒಂದೇ ಮಾತು, ಲಕೋಟೆಯ ಮೇಲೆ ‘ಕೋಲ್ಡ್ ಟೀ ಗಾಯಕಿ’ ಎಂದು ಇನ್ನೊಮ್ಮೆ ಬರೆಯಬೇಡ. ನನ್ನ ಗಂಡ ಅರ್ಲೆಂಡ್ ಕಾಗದ ತಂದುಕೊಡುತ್ತಾ, “ಏನಿದು, ಟೀ ಕಂಪನಿಯವ್ರಾ?” ಅಂದ. “ಹೂಂ” ಅಂದೆ. ಇಲ್ಲಿ ನಾನು ಏಡಿ ಬಿಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುವ ಹೆಂಗಸು. ಹಾಗೇ ಚೆನ್ನಾಗಿದ್ದೇನೆ.

ಮೋ

*

ಟಾಡ್‌ಮೋರ್ಡನ್
ನವೆಂಬರ್ 15, 2009

ಪ್ರಿಯ ಮೋ ಅವರಿಗೆ,

ಲಕೋಟೆಯ ತಪ್ಪಿಗೆ ಕ್ಷಮೆ ಇರಲಿ. ಈ ಸಲ ಬರೀ ಹೆಸರು ಬರೆದಿದ್ದೇನೆ.

ನಿಮ್ಮ ಉತ್ತರವನ್ನು ಹಾಗೆಯೇ ಬರೆದುಕೊಂಡು ಹೋಗಿ ನಮ್ಮ ಮೇಷ್ಟ್ರು ಹನೀಫ್ ಅವರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, “‘ಯಾರೂ ಇಲ್ಲ’ ಅನ್ನೋದು ಉತ್ತರ ಅಲ್ಲಮ್ಮ. ರೆಕಾರ್ಡ್ ಮಾಡಿದಾರೆ ಅಂದ್ಮೇಲೆ ಯಾರೋ ಒಬ್ರಾದ್ರೂ ಕೊಂಡಿರ್ತಾರೆ. ಹೋಗಿ ಹುಡುಕು” ಎಂದರು. ಹಾಗಾಗಿ ‘ಕೋಲ್ಡ್ ಟೀ ಹಾಡು ಕೇಳಿದವರು ಯಾರಾದರೂ ಇದ್ದೀರಾ?’ ಎಂದು ಚೀಟಿ ಬರೆದು ಗ್ರಂಥಾಲಯ, ಬಟ್ಟೆ ಒಗೆಯುವ ಅಂಗಡಿ, ಮಾರ್ಕೆಟ್ಟಿನ ಕೆಫೆ ಎಲ್ಲ ಕಡೆ ಅಂಟಿಸಿದ್ದೇನೆ. ಅಪರಿಚಿತರ ಹತ್ತಿರ ಮಾತಾಡುವುದು ತಂಡದ ಇನ್ನಿಬ್ಬರ ಕೆಲಸ. ಅವರಿಗೆ ಈ ವಾರ ಬಿಡುವಿಲ್ಲ, ಅದಕ್ಕೆ ನಾನೇ ಹೋಗಿದ್ದೆ. ಕೆಫೆಯಾಕೆಯ ಮುಂದೆ ಬಾಯಿಂದ ಮಾತೇ ಹೊರಡದೆ ಕೊನೆಗೆ ಒಂದು ಬನ್ ಕೊಂಡೆ. ಎರಡನೇ ಸಲ ಹೋದಾಗಲೂ ಬನ್. ಮೂರನೇ ಸಲ ಆಕೆಯೇ, “ನಿನ್ ಕೈಲಿರೋ ಆ ಚೀಟಿ ಏನೇ, ಕೊಡು ಇಲ್ಲಿ” ಎಂದು ಕಿತ್ತುಕೊಂಡು ಅಂಟಿಸಿದಳು.

ವಿಗ್ ಒಮ್ಮೆ ಹಾಕಿ ನೋಡಿ ಕೈಬಿಟ್ಟೆ. ಅಮ್ಮ ನಕ್ಕು ನಕ್ಕು ಗೋಡೆಗೊರಗಿದಳು. ಪಂಕ್ ಥರ ಕಾಣಲಿಲ್ಲವಂತೆ, ಮೊಟ್ಟೆ ಇಡಲು ಜಾಗ ಹುಡುಕುವ ಕೋಳಿಯ ಥರ ಕಂಡೆನಂತೆ.

ನಿಮ್ಮ ಕೊನೆಯ ಕಾರ್ಯಕ್ರಮ ನಮ್ಮೂರಿನ ಇನ್‌ಸ್ಟಿಟ್ಯೂಟ್ ಹಾಲಿನಲ್ಲೇ ನಡೆಯಿತಂತೆ. ಆಮೇಲೆ ನೀವು ಎಲ್ಲೂ ಹಾಡಲಿಲ್ಲವೇಕೆ? ಬರೆಯಲು ಇಷ್ಟವಿಲ್ಲದಿದ್ದರೆ ಬೇಡ.

ನಿಮ್ಮ ಉತ್ತರಕ್ಕೆ ಕಾಯುವ,
ಟೆಸ್ಸಾ

*

ವೆಸ್ಟ್ರೆ
ಡಿಸೆಂಬರ್ 2, 2009

ಟೆಸ್ಸಾ,

ಬರೆಯಲು ಇಷ್ಟವಿರಲಿಲ್ಲ. ಆದರೆ ಬನ್ನಿನ ವಿಷಯ ಓದಿದ ಮೇಲೆ ನಿನಗೆ ಇಲ್ಲ ಎನ್ನಲಾಗಲಿಲ್ಲ.

1979ರ ಫೆಬ್ರವರಿ. ಅಷ್ಟರಲ್ಲಿ ನಾವು ಗಿರಣಿ ಬಿಟ್ಟಾಗಿತ್ತು. ಒಂದು ವಾರ ಬೇರೆ ಬೇರೆ ಊರುಗಳಲ್ಲಿ ಹಾಡಿ, ವ್ಯಾನಿನಲ್ಲೇ ಮಲಗಿ, ನೇರ ಟಾಡ್‌ಮೋರ್ಡನ್ನಿಗೆ ಬಂದೆವು. ನಾನು ಹಾಡಿಗೆ, ಬೆರಿಲ್ ಡ್ರಮ್ಮಿಗೆ, ಪ್ಯಾಟ್ಸಿ ಗಿಟಾರಿಗೆ. ಪ್ಯಾಟ್ಸಿ ಆಮೇಲೆ ಕೆನಡಾಕ್ಕೆ ಹೋದಳು, ಅವಳದು ಬೇರೆ ಕಥೆ. ಬೆರಿಲ್ ನಾನು ಒಂದೇ ಬೀದಿಯವರು, ಐದನೇ ವಯಸ್ಸಿನಿಂದಲೇ ಜೊತೆ.

ಇನ್‌ಸ್ಟಿಟ್ಯೂಟ್ ಹಾಲ್ ತುಂಬಿತ್ತು. ನಮ್ಮ ಊರು, ಸುತ್ತಲ ಊರುಗಳ ಜನ, ಮೊದಲ ಸಲ ತುಂಬಿತ್ತು. ಎಲ್ಲರೂ ಕಾಯುವ ಹಾಡು ಎಂದು ‘ಕೈ ತೊಳೆದು ಬಾ’ ಮೂರನೆಯದಾಗಿಯೇ ಶುರು ಮಾಡಿದೆ. ಅರ್ಧ ಹಾಡಿದ್ದೇನೋ ಇಲ್ಲವೋ, ಹಿಂದಿನ ಸಾಲಿನಲ್ಲಿ ಒಬ್ಬ ಎದ್ದು ಕೋಟು ಹಾಕಿಕೊಂಡ. ಆಮೇಲೆ ಅವನ ಪಕ್ಕದವನು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಕುರ್ಚಿ ಸರಿಸುವ ಸದ್ದು ನಮ್ಮ ಗಿಟಾರಿಗಿಂತ ಜೋರಾಗಿ ಕೇಳಿಸಿತು. ನಾನು ಕಣ್ಣು ಮುಚ್ಚಿ ಹಾಡಿದೆ. ಕಣ್ಣು ಬಿಟ್ಟಾಗ ಮುಂದೆ ಒಂದಿಷ್ಟು ಕುಡುಕರು, ಬಾಗಿಲು ಕಾಯುವವನು, ಅಷ್ಟೇ.

ವ್ಯಾನಿನಲ್ಲಿ ಬೆರಿಲ್, “ಆ ಹಾಡು ಮೊದ್ಲೇ ಹಾಕ್ಬೇಡ ಅಂದಿದ್ದೆ” ಅಂದಳು. ನಾನು, “ನಿನ್ ಡ್ರಮ್ಮು ಕೇಳಿದ್ರೆ ಹೆಣಾನೂ ಎದ್ದು ಹೋಗುತ್ತೆ” ಅಂದೆ. ಅವಳು ತನ್ನ ಬೀದಿಯ ತಿರುವಿನಲ್ಲಿ ಇಳಿದುಹೋದಳು. ಮಾರ್ಚಿನಲ್ಲಿ ನಾನು ಮೀನು ಸೀಳುವ ಕೆಲಸಕ್ಕೆಂದು ಉತ್ತರಕ್ಕೆ ಬಂದೆ, ಒಂದು ಬೇಸಿಗೆಗೆ. ಇನ್ನೂ ಇಲ್ಲೇ ಇದ್ದೇನೆ.

ಇಷ್ಟೇ. ಇದನ್ನು ನಿನ್ನ ವಿಡಿಯೊದಲ್ಲಿ ಹಾಕಬೇಡ. ಇಲ್ಲಿ ಗಾಳಿ ಜೋರು. ಅರ್ಲೆಂಡ್ ದೋಣಿಯನ್ನು ದಡಕ್ಕೆಳೆದು, ಒಲೆಯ ಪಕ್ಕ ಕೂತು ಬಲೆ ಹೆಣೆಯುತ್ತಿದ್ದಾನೆ. “ಟೀ ಕಂಪನಿಗೆ ಇಷ್ಟುದ್ದ ಬರೀತೀಯಲ್ಲೇ” ಎನ್ನುತ್ತಿದ್ದಾನೆ.

ಮೋ

*

ಟಾಡ್‌ಮೋರ್ಡನ್
ಜನವರಿ 10, 2010

ಪ್ರಿಯ ಮೋ ಅವರಿಗೆ,

ಹಿಮ ಬಿದ್ದು ವಾರವಿಡೀ ಕಾಲೇಜಿಗೆ ರಜೆ. ನಿಮಗೆ ಒಂದು ವಿಷಯ ಹೇಳಲೇಬೇಕು.

ಚೀಟಿ ನೋಡಿ ಜನ ಬಂದರು! ನಿನ್ನೆ ಮಾರ್ಕೆಟ್ಟಿನ ಕೆಫೆಯಲ್ಲಿ ಸೇರಿದ್ದೆವು. ಆರು ಜನ, ಎಲ್ಲರೂ ಐವತ್ತರ ಆಸುಪಾಸಿನವರು. ಯಾರ ತಲೆಯಲ್ಲೂ ಹುಂಜದ ಜುಟ್ಟಿಲ್ಲ, ಇಬ್ಬರ ತಲೆಯಲ್ಲಿ ಕೂದಲೇ ಇಲ್ಲ. ನೆವಿಲ್ ಎನ್ನುವವರು ಅಂಚೆ ಇಲಾಖೆಯಲ್ಲಿರುವವರು, ನಿಮ್ಮ ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ನಸ್ರೀನ್ ಎನ್ನುವವರಿಗೆ ಹ್ಯಾಲಿಫ್ಯಾಕ್ಸಿನಲ್ಲಿ ಬಟ್ಟೆ ಅಂಗಡಿ ಇದೆ. ಒಬ್ಬ ಹೆಂಗಸು ಮಾತ್ರ ಹೆಸರು ಹೇಳಲಿಲ್ಲ, “ನನ್ ಹೆಸ್ರೆಲ್ಲ ಬೇಡ, ನಾನು ಸುಮ್ನೆ ಟೀ ಕುಡಿಯೋಕೆ ಬಂದೆ” ಎಂದು ಮೂಲೆಯಲ್ಲಿ ಕೂತು ಎರಡು ಚಮಚಗಳಿಂದ ಮೇಜನ್ನು ಟಕಟಕ ಬಡಿಯುತ್ತಲೇ ಇದ್ದರು.

ನಿಮ್ಮ ಗುಟ್ಟು ಹೇಳಬಾರದೆಂದೇ ಇದ್ದೆ. ಆದರೆ ಇನ್‌ಸ್ಟಿಟ್ಯೂಟ್ ಹಾಲಿನ ಮಾತು ಬಂದಾಗ ತಡೆಯಲಾಗದೆ, “ಅವತ್ತು ನೀವೆಲ್ಲ ಯಾಕೆ ಎದ್ದು ಹೋದ್ರಿ?” ಎಂದು ಕೇಳಿಬಿಟ್ಟೆ.

ನಸ್ರೀನ್ ಟೀ ಕಪ್ಪು ಕೆಳಗಿಟ್ಟರು. “ಎದ್ದು ಹೋದ್ವಾ? ಲಾಸ್ಟ್ ಬಸ್ಸಲ್ವೇನೇ ಅದು!”

“ಲಾಸ್ಟ್ ಬಸ್ಸು ಹತ್ತೂವರೆಗಲ್ವಾ?” ಎಂದಳು ಕೆಫೆಯಾಕೆ.

“ಬೇರೆ ದಿನ ಹತ್ತೂವರೆ. ಆ ವಾರ ಡ್ರೈವರ್‌ಗಳು ಓವರ್‌ಟೈಮ್ ಮಾಡಲ್ಲ ಅಂತ ಕೂತಿದ್ರು. ಒಂಬತ್ತಾದ್ರೆ ಒಂದು ಬಸ್ಸೂ ಇಲ್ಲ. ಹೊರಗಡೆ ಮೊಣಕಾಲುದ್ದ ಹಿಮ. ನಮ್ಮಮ್ಮ ನಾನು ಹೊಲಿಗೆ ಕ್ಲಾಸಲ್ಲಿದೀನಿ ಅನ್ಕೊಂಡಿದಾರೆ. ಬಸ್ ಬಿಟ್ಟಿದ್ರೆ ನಮ್ಮಪ್ಪ ಇಡೀ ಹ್ಯಾಲಿಫ್ಯಾಕ್ಸನ್ನೇ ಎಬ್ಬಿಸ್ತಿದ್ರು.”

“ನಾನು ಬಾಗಿಲ ಹತ್ರ ನಿಂತು ಇನ್ನೊಂದು ಸಾಲು, ಇನ್ನೊಂದೇ ಸಾಲು ಅಂತ ಕೇಳ್ತಿದ್ದೆ” ಎಂದರು ನೆವಿಲ್. “ನಮ್ಮಣ್ಣ ಕಾಲರ್ ಹಿಡ್ದು ಎಳ್ಕೊಂಡ್ ಹೋದ. ಬಸ್ಸಲ್ಲಿ ಹಿಂದಿನ ಸೀಟಿಂದ ಡ್ರೈವರ್‌ವರೆಗೂ ಒಂದೇ ಹಾಡು. ಕೈ ತೊಳೆದು ಬಾ, ಕೈ ತೊಳೆದು ಬಾ! ಡ್ರೈವರ್ ಬಸ್ ನಿಲ್ಸಿ, ‘ಮೊದ್ಲು ನೀವು ಬಾಯಿ ತೊಳ್ಕೊಳ್ರೋ’ ಅಂದ.”

ಎಲ್ಲರೂ ಹೌದು ಹೌದು ಎಂದು ನಕ್ಕರು. ಮೂಲೆಯಲ್ಲಿ ಚಮಚದ ಸದ್ದು ನಿಂತುಹೋಗಿತ್ತು. ಆ ಹೆಂಗಸು ನೆವಿಲ್‌ರನ್ನೇ ನೋಡುತ್ತಾ, “ಇನ್ನೊಂದ್ಸಲ ಹೇಳಿ” ಎಂದರು. ಅವರು ಇನ್ನೊಂದು ಸಲ ಹೇಳಿದರು. ಆಕೆ ಟೀ ಅರ್ಧಕ್ಕೇ ಬಿಟ್ಟು ಹೋದರು.

ಮೋ ಅವರೇ, ಅವರು ನಿಮ್ಮನ್ನು ಬಿಟ್ಟು ಹೋಗಿರಲಿಲ್ಲ. ನಿಮ್ಮ ಹಾಡನ್ನು ಜೊತೆಗೆ ತೆಗೆದುಕೊಂಡು ಹೋಗಿದ್ದರು.

ನನ್ನದೂ ಒಂದು ನಿಜ. ತಂಡ ತಂಡ ಎಂದು ಬರೆಯುತ್ತಿದ್ದೆನಲ್ಲ, ತಂಡ ಇಲ್ಲ. ನಿಮ್ಮ ಮೊದಲ ಕಾಗದ ಬಂದ ವಾರವೇ ಇನ್ನಿಬ್ಬರೂ, “ವಿಗ್ ಬೇಡ ಅಂದ್ಮೇಲೆ ಏನ್ ಪಂಕು” ಎಂದು ಬೇರೆ ಗುಂಪಿಗೆ ಸೇರಿಕೊಂಡರು. ನಾನೊಬ್ಬಳೇ.

ಟೆಸ್ಸಾ

*

ಟಾಡ್‌ಮೋರ್ಡನ್
ಫೆಬ್ರವರಿ 20, 2010

ಪ್ರಿಯ ಮೋ ಅವರಿಗೆ,

ಆರು ವಾರದಿಂದ ಉತ್ತರವಿಲ್ಲ. ನೀವು ಗುಟ್ಟಾಗಿ ಹೇಳಿದ್ದನ್ನು ಆರು ಜನರ ಮುಂದೆ ಆಡಿಬಿಟ್ಟೆ, ಅದಕ್ಕೆ ಸಿಟ್ಟಾಗಿದ್ದೀರಿ ಎಂದು ಗೊತ್ತಿದೆ. ಬೇರೆ ಹಾಡು ನೋಡುತ್ತೇನೆ ಎಂದು ಹನೀಫ್ ಮೇಷ್ಟ್ರಿಗೆ ಹೇಳಿದ್ದೇನೆ. ಅವರು ಒಪ್ಪಲಿಲ್ಲ, ತಿಂಗಳ ಕೊನೆಯವರೆಗೆ ಕಾದು ನೋಡು ಎಂದಿದ್ದಾರೆ.

ಚಮಚದ ಹೆಂಗಸು ಪ್ರತಿ ಶನಿವಾರ ಕೆಫೆಗೆ ಬರುತ್ತಾರೆ. ನನ್ನನ್ನು ಕಂಡರೆ, “ಉತ್ರ ಬಂತಾ?” ಎಂದು ಮಾತ್ರ ಕೇಳುತ್ತಾರೆ. ಇಲ್ಲ ಎಂದರೆ ನನಗೊಂದು ಬನ್ ಕೊಡಿಸುತ್ತಾರೆ. ಅವರು ಯಾರೆಂದು ನನಗೆ ಗೊತ್ತಾಗಿದೆ. ಬರೆಯಬೇಡ ಎಂದು ಮಾತು ತೆಗೆದುಕೊಂಡಿದ್ದಾರೆ, ಬರೆಯುವುದಿಲ್ಲ.

ನಿಮಗೆ ನೋವಾಗಿದ್ದರೆ ಕ್ಷಮಿಸಿ.

ಟೆಸ್ಸಾ

*

ವೆಸ್ಟ್ರೆ
ಮಾರ್ಚ್ 1, 2010

ಟೆಸ್ಸಾ, ಹುಚ್ಚು ಹುಡುಗಿ,

ಸಿಟ್ಟೂ ಇಲ್ಲ, ಏನೂ ಇಲ್ಲ. ಬಿರುಗಾಳಿಗೆ ಹಡಗು ನಿಂತು ನಿನ್ನ ಜನವರಿಯ ಕಾಗದ ಕೈಸೇರಿದ್ದೇ ತಡವಾಗಿ. ಬಂದ ಮೇಲೆ ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ ‘ಬಸ್ಸು’ ಎಂಬ ಪದದ ಹತ್ತಿರ ನಿಂತುಹೋಯಿತು.

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ಊಟದ ಹೊತ್ತಿಗೆ ಓದಿದೆ. ಮೊದಲು ನಗು ಬಂತು. ನಿಲ್ಲಲಿಲ್ಲ. ಪಕ್ಕದವಳು ಬಂದು, “ಮೋ, ಅಳ್ತಿದೀಯಾ?” ಎಂದು ಕೇಳಿದಾಗಲೇ ಗೊತ್ತಾಗಿದ್ದು ಅಳುತ್ತಲೂ ಇದ್ದೇನೆ ಎಂದು. ಏಡಿ ಬಿಡಿಸಿದ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಉರಿ.

ಮನೆಗೆ ಬಂದು ಅರ್ಲೆಂಡ್‌ನನ್ನು ಕೂರಿಸಿ ಎಲ್ಲ ಹೇಳಿದೆ. ಗಿರಣಿ, ಬ್ಯಾಂಡು, ಕಿರುಚಾಟ, ಪೈ ಎಸೆತ. ಅವನು ತಂಬಾಕಿನ ಪೈಪನ್ನು ಹೊತ್ತಿಸದೆ ಕೈಯಲ್ಲೇ ಹಿಡಿದು ಕೇಳಿದ. ಕೊನೆಗೆ, “ಹಂಗಾದ್ರೆ ದೋಣಿ ಎಂಜಿನ್ ಶುರು ಮಾಡ್ದಾಗೆಲ್ಲ ನೀನು ಏನೋ ಒದರ್ತಿದ್ಯಲ್ಲ, ಅದು ಹಾಡಾ?” ಅಂದ.

“ನಿಂಗೇನು ಅನ್ಸಿತ್ತು?”

“ಎಂಜಿನ್‌ಗೆ ಬೈತಿದೀಯ ಅನ್ಕೊಂಡಿದ್ದೆ. ಚೆನ್ನಾಗೇ ಬೈತಿದ್ದೆ.”

ಇನ್ನು ನಿನ್ನ ಚಮಚದ ಹೆಂಗಸು. ನೀನು ಬರೆಯದಿದ್ದರೇನು? ಶಾಲೆಯಲ್ಲಿ ಅವಳ ಪಕ್ಕ ಕೂತು ಅದೇ ಟಕಟಕಕ್ಕೆ ಮೇಷ್ಟ್ರ ಕೈಲಿ ಏಟು ತಿಂದವಳು ನಾನು. ಮೊನ್ನೆ ಭಾನುವಾರ ಅವಳ ತಾಯಿಯ ಮನೆಯ ಹಳೇ ನಂಬರನ್ನು ಒತ್ತಿದೆ, ಬೆರಳಿಗೆ ನೆನಪಿತ್ತು. ಬೆರಿಲ್ಲೇ ಎತ್ತಿದಳು. ನಾನು ಯಾರೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ.

ಕೊನೆಗೆ ಅವಳು, “ಬಸ್ಸಂತೆ ಕಣೇ” ಅಂದಳು.

“ಹೂಂ, ಬಸ್ಸಂತೆ” ಅಂದೆ.

“ಯಾರಾದ್ರೂ ಆವತ್ತಿನ ಮಾತೆತ್ತಿದ್ರೆ ಸಾಕು, ನಾನು ಎದ್ದು ಹೋಗ್ತಿದ್ದೆ ಮೋ. ಒಬ್ರಿಗೂ ಹೇಳೋಕೆ ಬಿಡ್ಲಿಲ್ಲ.”

“ನಾನು ಸಮುದ್ರಾನೇ ದಾಟ್ಬಿಟ್ಟೆ” ಅಂದೆ.

ಆಮೇಲೆ ಏನೇನು ಮಾತಾಡಿದೆವೋ. ಅರ್ಲೆಂಡ್ ತಾನೇ ಆಲೂಗಡ್ಡೆ ಬೇಯಿಸಿಕೊಂಡು ತಿಂದು ಮಲಗಿದ.

ವಿಡಿಯೊ ಮಾಡು. ಇನ್‌ಸ್ಟಿಟ್ಯೂಟ್ ಹಾಲಿನ ಕಥೆಯನ್ನೂ ಹಾಕು. ನೀನು ಬಂದು ಹಾಡು ಎಂದು ಬೆರಿಲ್ ಕಾಟ ಕೊಡುತ್ತಿದ್ದಾಳೆ. ಬರುವುದಿಲ್ಲ. ಏಡಿಯ ಕಾಲ ಶುರುವಾಗುತ್ತದೆ, ಅಲ್ಲದೆ ಅದು ಸಣ್ಣ ವಯಸ್ಸಿನ ಸಿಟ್ಟಿನ ಹಾಡು. ತಂಡ ಬಿಟ್ಟು ಹೋದದ್ದಕ್ಕೆ ನಿನಗೆ ಸಿಟ್ಟಿದೆ ತಾನೆ? ನೀನೇ ಕ್ಯಾಮೆರಾದ ಮುಂದೆ ನಿಲ್ಲು.

ನಿನ್ನ ಮೋ

*

ಟಾಡ್‌ಮೋರ್ಡನ್
ಏಪ್ರಿಲ್ 25, 2010

ಮೋ,

ಮುಗಿಯಿತು! ಡಿವಿಡಿ ಇದರ ಜೊತೆಗೇ ಇದೆ. ಕಾಗದ ಮೊದಲು ಓದಿ, ಆಮೇಲೆ ನೋಡಿ.

ಇನ್‌ಸ್ಟಿಟ್ಯೂಟ್ ಹಾಲಿನಲ್ಲೇ ತೆಗೆದೆವು. ಆರು ಜನರು ತಮ್ಮ ತಮ್ಮವರನ್ನೆಲ್ಲ ಕರೆತಂದು ಹಾಲ್ ಮುಕ್ಕಾಲು ತುಂಬಿತ್ತು. ಅವರವರ ಬಟ್ಟೆಯಲ್ಲೇ ಬನ್ನಿ ಎಂದಿದ್ದೆ. ನೆವಿಲ್ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ನಸ್ರೀನ್ ಅಂಗಡಿಯಿಂದ ನೀಲಿ ಬಟ್ಟೆ ತಂದು ನನಗೆ ಗಿರಣಿಯ ಮೇಲಂಗಿ ಹೊಲಿದುಕೊಟ್ಟರು. “ಕೊನೆಗೂ ಹೊಲಿಗೆ ಕ್ಲಾಸು ಉಪಯೋಗಕ್ಕೆ ಬಂತು” ಎಂದರು.

ನಾನು ರೆಕಾರ್ಡಿಗೆ ತಕ್ಕಂತೆ ಬಾಯಿ ಆಡಿಸಿದರೆ ಸಾಕಿತ್ತು. ಹಾಗೆಯೇ ಮಾಡುತ್ತಿದ್ದೆ. ಹಿಂದೆ ಡ್ರಮ್ ಬಾರಿಸುತ್ತಿದ್ದ ಬೆರಿಲ್ ಅದನ್ನು ನಿಲ್ಲಿಸಿ, “ಏ ಪುಟ್ಟೀ, ಏನದು, ಚೂಯಿಂಗ್ ಗಮ್ಮಾ? ಧ್ವನಿ ಬಿಡು. ಮೋ ಹಾಡೋವಾಗ ನನ್ ಎದೆಗೆ ತಾಗ್ತಿತ್ತು ಧ್ವನಿ” ಎಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬನ್ ಕೊಂಡು ಓಡಿಹೋಗಲು ಅಲ್ಲಿ ಕೆಫೆ ಇರಲಿಲ್ಲ. ಕಿರುಚಿದೆ. ಮೊದಲು ಗಂಟಲಿಂದ, ಆಮೇಲೆ ಹೊಟ್ಟೆಯಿಂದ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ಅಮ್ಮನಿಗೂ ಗೊತ್ತಿರಲಿಲ್ಲ, ಬಾಗಿಲ ಬಳಿ ನಿಂತು ಬಾಯಿ ಬಿಟ್ಟು ನೋಡುತ್ತಿದ್ದಳು.

ಅರ್ಧ ಹಾಡಿಗೆ ಅವರೆಲ್ಲ ಎದ್ದು ಕೋಟು ಹಾಕಿಕೊಂಡು, ಹಾಡುತ್ತಾ ಹೊರಗೆ ಹೋಗಿ ಬಸ್ ಹತ್ತುತ್ತಾರೆ. ಬಸ್ಸಿನ ಕಿಟಕಿಗಳಲ್ಲಿ ಹಾಡುವ ಮುಖಗಳು. ಅಲ್ಲಿಗೆ ಮುಗಿಯುತ್ತದೆ.

ಹನೀಫ್ ಮೇಷ್ಟ್ರು ಎರಡು ಸಲ ನೋಡಿದರು. “ಹೊರಗಿನ ಪರೀಕ್ಷಕರು ‘ಇದರಲ್ಲಿ ಪಂಕ್ ಎಲ್ಲಿ, ಜುಟ್ಟೆಲ್ಲಿ’ ಅಂತ ಮಾರ್ಕು ಕತ್ತರಿಸ್ತಾರೆ ಟೆಸ್ಸಾ. ಗೊತ್ತಿರ್ಲಿ” ಎಂದರು. ಕತ್ತರಿಸಲಿ ಎಂದುಕೊಂಡೆ. ಆಮೇಲೆ ಅವರು ವರಾಂಡದಲ್ಲಿ ಅದೇ ಹಾಡು ಗುನುಗಿಕೊಂಡು ಹೋದದ್ದನ್ನು ಇಡೀ ತರಗತಿ ಕೇಳಿಸಿಕೊಂಡಿತು.

ಕೆಫೆಯಾಕೆ ಈಗ ನಾನು ಬಾಗಿಲು ತಳ್ಳಿದರೆ ಸಾಕು, “ಬಂದ್ಲು ನೋಡು, ಕಿವುಡ್ರಾಗ್ತೀವಿ” ಎನ್ನುತ್ತಾಳೆ. ಎಷ್ಟು ಖುಷಿಯಾಗುತ್ತದೆ ಗೊತ್ತಾ?

ನಿಮ್ಮ ಟೆಸ್ಸಾ

*

ವೆಸ್ಟ್ರೆ
ಜುಲೈ 18, 2010

ಟೆಸ್ಸಾ, ಮುದ್ದು ಹುಡುಗಿ,

ಪರೀಕ್ಷಕರು ನಿನ್ನ ಮಾರ್ಕು ಕತ್ತರಿಸಿದ ಸುದ್ದಿ ಬೆರಿಲ್ ಹೇಳಿದಳು. ಆ ಪರೀಕ್ಷಕರಿಗೆ ನನ್ನ ಕಡೆಯಿಂದ ಒಂದು ಪೈ ಎಸೆ.

ಡಿವಿಡಿಯನ್ನು ಶಾಲೆಯ ಕೋಣೆಯಲ್ಲಿ ಹಾಕಿದೆವು. ಶೆಡ್ಡಿನ ಹೆಂಗಸರು, ಮೀನುಗಾರರು, ಪಾದ್ರಿಗಳು, ನಾಯಿಗಳ ಸಮೇತ ಬಂದಿದ್ದರು. ನಿನ್ನ ಮೊದಲ ಕೂಗಿಗೇ ಎರಡು ನಾಯಿ ಎದ್ದು ಹೋದವು. ಮನುಷ್ಯರು ಒಬ್ಬರೂ ಅಲ್ಲಾಡಲಿಲ್ಲ. ಅರ್ಲೆಂಡ್ ಮೂರು ಸಲ ಹಾಕಿಸಿದ. ಮೂರನೇ ಸಲಕ್ಕೆ ಪಕ್ಕದವನ ಭುಜ ತಟ್ಟಿ, “ನಮ್ಮನೆಯೋಳು ಬರ್ದಿದ್ದು” ಎನ್ನುವುದು ಕೇಳಿಸಿತು. ಮದುವೆಯಾದ ಮೇಲೆ ಅವನು ನನ್ನನ್ನು ಹೊಗಳಿದ್ದು ಇದೇ ಮೊದಲೇನಲ್ಲ. ಆದರೆ ಇಷ್ಟು ಜೋರಾಗಿ ಎಂದೂ ಇಲ್ಲ.

ಬೆರಿಲ್ ಹೋದ ಬುಧವಾರ ಬಂದಳು. ಹಡಗಿನ ಓಲಾಟಕ್ಕೆ ವಾಂತಿ ಮಾಡಿಕೊಂಡು, ಮುಖ ಹಸಿರಾಗಿ, ಕೈಯಲ್ಲಿ ಡ್ರಮ್ಮಿನ ಕಡ್ಡಿ ಹಿಡಿದುಕೊಂಡು ಇಳಿದಳು. ನಾನು ದಡದಲ್ಲಿ ನಿಂತು ಏನೇನೋ ಹೇಳಬೇಕೆಂದುಕೊಂಡಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ದಪ್ಪ ಆಗಿದೀಯ” ಅಂದಳು. “ನೀನು ಮುದುಕಿ ಆಗಿದೀಯ” ಅಂದೆ. ಅವಳ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಕರೆತಂದೆ.

ಮೂರು ದಿನ ಬರೀ ಮಾತು. ನಿನ್ನೆ ಅಡಿಗೆಮನೆಯಲ್ಲಿ ಅವಳು ಪಾತ್ರೆಗಳನ್ನು ಬೋರಲು ಹಾಕಿ ಬಡಿಯುತ್ತಿದ್ದಳು, ನಾನು ಆಲೂಗಡ್ಡೆ ಹೆಚ್ಚುತ್ತಾ ಯಾವುದೋ ಸಾಲು ಗುನುಗಿದೆ. ಅವಳು ನಿಲ್ಲಿಸಿದಳು. “ಇದು ಹಳೇದಲ್ಲ” ಅಂದಳು. ಅಲ್ಲ, ಈಗಷ್ಟೇ ಬಂತು. ಆಲೂಗಡ್ಡೆ ಹಾಗೇ ಉಳಿಯಿತು.

ಇವತ್ತು ಬೆಳಗಿನಿಂದ ಅದೇ ಹಾಡಿನ ಮೇಲೆ ಕೂತಿದ್ದೇವೆ. ಎರಡು ಚರಣ ಆಗಿದೆ. ಮೂರನೆಯದು ಬೇಡವೇ ಬೇಡ ಎಂದು ಅವಳು, ಬೇಕೇ ಬೇಕು ಎಂದು ನಾನು. ನನಗೆ ತಾಳಜ್ಞಾನ ಇಲ್ಲವಂತೆ. ಅವಳಿಗೆ ತಾಳ ಬಿಟ್ಟು ಬೇರೆ ಜ್ಞಾನವೇ ಇಲ್ಲ ಎಂದೆ. ಅರ್ಲೆಂಡ್ ಗದ್ದಲ ತಾಳಲಾರದೆ ಮೀನಿಗೆ ಹೋಗಿದ್ದಾನೆ, ಭಾನುವಾರ ಅವನೆಂದೂ ದೋಣಿ ಇಳಿಸಿದವನಲ್ಲ. ಈಗ ಅವಳು ಹಿಂದೆ ನಿಂತು ನಾನು ಬರೆಯುವುದನ್ನು ಓದುತ್ತಾ, “ಮೂರನೇ ಚರಣ ದಂಡ ಅಂತ ಟೆಸ್ಸಾಗೂ ಬರಿ” ಎನ್ನುತ್ತಿದ್ದಾಳೆ. ಬರೆಯುವುದಿಲ್ಲ. ಕಾಗದ ಇಲ್ಲಿಗೇ ನಿಲ್ಲಿಸುತ್ತೇನೆ, ಜಗಳ ಅರ್ಧಕ್ಕೆ ನಿಂತಿದೆ. ಮುಗಿಸುವ ಆತುರ ನಮ್ಮಿಬ್ಬರಿಗೂ ಇಲ್ಲ.

ಮೋ